ತಾನೇ ತುಂಬಿಕೊಂಡ ಚುಕ್ಕೆಗಳು

ಆ ಮನೆಯಲ್ಲಿ ಊಟದ ಮೇಜಿನ ಒಂದು ತುದಿ ಲ್ಯಾಪ್‌ಟಾಪಿನದು. ಅದರ ಪಕ್ಕದಲ್ಲಿ ಉಪ್ಪಿನ ಡಬ್ಬಿ, ಅಜ್ಜಿಯ ಮಾತ್ರೆಗಳು, ಬೀಜದ ಖಾಲಿ ಪೊಟ್ಟಣಗಳು. ತಟ್ಟೆ ಇಡಲು ಜಾಗ ಸಾಲದಾಗ ಯಾರಾದರೂ ಅದನ್ನು ಮಡಚಿ ಕಿಟಕಿಯ ಕಟ್ಟೆಗೆ ಇಡುವರು. ಊಟ ಮುಗಿದು ಮೇಜು ಒರೆಸಿದ ಮೇಲೆ ಅದು ಮತ್ತೆ ತನ್ನ ಜಾಗಕ್ಕೆ ಬರುವುದು. ಅಣ್ಣ ತಮ್ಮ ಇಬ್ಬರೂ ಸೇರಿ ನಡೆಸುವ ಸಸಿಗಳ ನರ್ಸರಿಗೆ ಆರ್ಡರು ಬರುವುದು ಅದರಲ್ಲಿ, ಬೀಜದ ಕಂಪನಿಗೆ ಬರೆಯುವುದು ಅದರಲ್ಲಿ, ಕರೆಂಟಿನ ಬಿಲ್ಲು ಕಟ್ಟುವುದೂ ಅದರಲ್ಲೇ.

ಅಣ್ಣನದೊಂದು ಮನೆ, ತಮ್ಮನದೊಂದು ಮನೆ, ನಡುವಿನ ಗೋಡೆಯಲ್ಲಿ ಒಂದು ಬಾಗಿಲು. ಆ ಬಾಗಿಲಿಗೆ ಚಿಲಕ ಇತ್ತು, ಹಾಕಿದವರಿರಲಿಲ್ಲ. ಬೀಜದ ಪೆಟ್ಟಿಗೆಗಾಗಲಿ ಬಟ್ಟೆಯ ಕಪಾಟಿಗಾಗಲಿ ಬೀಗ ಹಾಕುವ ರೂಢಿಯೇ ಅಲ್ಲಿರಲಿಲ್ಲ. ‘ಬೀಗ ಹಾಕಿದ ಮನೇಲೇ ಕಳ್ಳ ಹುಟ್ಟೋದು’ ಎಂದು ಅಣ್ಣ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅವನನ್ನು ನರ್ಸರಿಯ ಕೆಲಸದವರೂ ಮನೆಯವರೂ ಯಜಮಾನ ಎಂದೇ ಕರೆಯುತ್ತಿದ್ದರು.

ಯಜಮಾನ ಟೈಪು ಮಾಡುವುದು ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ. ಎಲ್ಲಿ ಪಾಸ್‌ವರ್ಡ್ ಹಾಕಿದರೂ ಬ್ರೌಸರು ಮೂಲೆಯಲ್ಲೊಂದು ಚೌಕ ತೆರೆದು ‘ಉಳಿಸಲೇ?’ ಎಂದು ಕೇಳುವುದು. ಅವನು ತಪ್ಪದೆ ಹೌದು ಎಂದು ಒತ್ತುವನು.

“ಅಪ್ಪ, ಎಲ್ಲಾ ಕಡೆ ಹೂಂ ಅನ್ಬೇಡ. ಅದು ನಿನಗೊಬ್ಬನಿಗೇ ಅಲ್ಲ, ಯಾರು ಬಂದು ಕೂತ್ರೂ ಬಾಯಿ ಬಿಡುತ್ತೆ” ಎಂದು ಮಗಳು ಎಷ್ಟೋ ಸಲ ಹೇಳಿದ್ದಳು.

“ಯಾರು ಬಂದು ಕೂರ್ತಾರೆ? ಕೂತ್ರೆ ನಾವೇ ತಾನೆ. ಅದು ನೆನಪಿಟ್ಕೊಂಡ್ರೆ ನನ್ನ ತಲೆ ಹಗುರ.”

“ನನ್ನ ತಲೆಗೂ ಅಂಥದ್ದೊಂದು ಹಾಕಿಸಿಕೊಡೋ” ಎಂದಳು ಅಜ್ಜಿ. “ಕನ್ನಡಕ ಎಲ್ಲಿಟ್ಟೆ ಅಂತ ಅದನ್ನೇ ಕೇಳ್ತೀನಿ.”

ಮಗಳಿಗೆ ಪೇಟೆಯ ಆಸ್ಪತ್ರೆಯಲ್ಲಿ ಕೆಲಸ. ರೋಗಿಗಳ ದಾಖಲೆ ವಿಭಾಗದಲ್ಲಿ ವೈದ್ಯರು ಬರೆದದ್ದನ್ನು ಕಂಪ್ಯೂಟರಿಗೆ ಏರಿಸುವವಳು ಅವಳು. ಒಂದು ಬೆಳಿಗ್ಗೆ ಅವಳ ಕಿಟಕಿಯ ಮುಂದೆ ಚಿಕ್ಕಪ್ಪ ಬಂದು ನಿಂತ. ಒಗೆದ ಅಂಗಿ ಹಾಕಿಕೊಂಡಿದ್ದ. ಬಲಗೈ ಜೇಬಿನಲ್ಲಿತ್ತು.

“ಏನು ಚಿಕ್ಕಪ್ಪ, ಇಲ್ಲಿ?”

“ಸ್ವಲ್ಪ ಹೊರಗೆ ಬಾ ಪುಟ್ಟಿ.”

ಓಣಿಯ ಬೆಂಚಿನ ಮೇಲೆ ಕೂತು ಅವನು ಕೈಯನ್ನು ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟ. ಹೆಬ್ಬೆರಳೂ ತೋರುಬೆರಳೂ ಮಾತ್ರೆ ಉರುಳಿಸುವಂತೆ ತಮ್ಮ ಪಾಡಿಗೆ ತಾವು ಅಲುಗುತ್ತಿದ್ದವು.

“ನರದ ಡಾಕ್ಟರಿಗೆ ತೋರಿಸ್ದೆ. ಹೋಗೋ ಕಾಯಿಲೆ ಅಲ್ವಂತೆ. ಔಷಧಿ ತಗೊಂಡ್ರೆ ಎಷ್ಟೋ ವರ್ಷ ದುಡೀಬಹುದಂತೆ. ಚೀಟಿ ಹೇಗೂ ನಿನ್ನ ಕೈಗೇ ಬರುತ್ತೆ. ನೀನು ನೋಡೋದು ನಿನ್ನ ಕೆಲಸ. ಆದ್ರೆ ಮನೇಲಿ ಮಾತ್ರ…”

“ಇಲ್ಲಿ ನೋಡಿದ್ದು ಇಲ್ಲೇ ಚಿಕ್ಕಪ್ಪ.”

“ನಿನ್ನ ಚಿಕ್ಕಮ್ಮನಿಗೂ ಬೇಡ. ದೊಡ್ಡ ಆರ್ಡರಿನ ಕಸಿ ಮುಗೀಲಿ, ಅವಳನ್ನ ಎದುರಿಗೆ ಕೂರಿಸಿಕೊಂಡು ನಾನೇ ಹೇಳ್ತೀನಿ. ಅವಳ ತಾಯಿಗೆ ಕಾಯಿಲೆ ಬಂದಾಗ ಅವಳಿಗೆ ಮೊದಲು ಹೇಳಿದ್ದು ಯಾರು ಗೊತ್ತಾ? ಹಾಲಿನಂಗಡಿಯವನು. ಬೀದಿಗೆಲ್ಲ ತಿಳಿದ ಮೇಲೆ ಮಗಳಿಗೆ ತಿಳೀತು. ಅದನ್ನ ಇವತ್ತಿಗೂ ಹೇಳ್ಕೊಂಡು ಅಳ್ತಾಳೆ.”

“ಆದ್ರೆ ಬ್ಲೇಡು ಹಿಡಿಯೋ ಕೆಲಸ ನಿಂದು. ಕೈ ಹೀಗಿದ್ರೆ?”

ಚಿಕ್ಕಪ್ಪ ನಕ್ಕ. ಬೆಂಚಿನ ಮೇಲೆ ಬಿದ್ದಿದ್ದ ಒಂದು ಹತ್ತಿಯ ಎಳೆಯನ್ನು ಅದೇ ಬೆರಳುಗಳಿಂದ ಹಿಡಿದೆತ್ತಿದ. ಹಿಡಿಯುವಾಗ ಕೈ ಕಲ್ಲಿನಂತೆ ನಿಂತಿತ್ತು. “ಸುಮ್ಮನೆ ಕೂತಾಗ ನಡುಗುತ್ತೆ. ಕೆಲಸ ಕೊಟ್ರೆ ತೆಪ್ಪಗಿರುತ್ತೆ. ನನ್ನ ಥರಾನೇ.”

ಆ ದಿನಗಳಲ್ಲಿ ಆಸ್ಪತ್ರೆಯವರು ದಾಖಲೆಗಳಿಗೆ ಹೊಸ ವ್ಯವಸ್ಥೆ ತಂದಿದ್ದರು. ಹಳೆಯದು ರಾಶಿ ಬಿದ್ದಿತ್ತು. ಕೆಲವರಿಗೆ ಮನೆಯಿಂದಲೂ ಕೆಲಸ ಮಾಡಲು ಅನುಮತಿ ಕೊಟ್ಟು, ಮನೆಯ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಉಳಿಸಕೂಡದು ಎಂದು ಹೇಳಿ ಸಹಿ ಹಾಕಿಸಿಕೊಂಡಿದ್ದರು. ಮಗಳೂ ಸಹಿ ಹಾಕಿದ್ದಳು. ಮೊದಲ ಸಂಜೆ ಊಟದ ಮೇಜಿನ ತುದಿಯಲ್ಲಿ ಕೂತು ಪಾಸ್‌ವರ್ಡ್ ಹಾಕಿದ್ದಳಷ್ಟೆ, ಒಳಗಿನಿಂದ ಅಮ್ಮ ಕೂಗಿದಳು.

“ಮೊಟ್ಟೆ ಒಡೆದು ಹಾಕಿದೀನಿ, ಸೀದು ಹೋಗುತ್ತೆ! ನನ್ನ ಕೈಯೆಲ್ಲ ಹಿಟ್ಟು, ಬಂದು ತಿರುಗಿಸೇ!”

ಮೂಲೆಯ ಚೌಕದಲ್ಲಿ ಹೌದು ಎಂಬುದು ನೀಲಿಯಾಗಿ ಎದ್ದು ಕಾಣುತ್ತಿತ್ತು. ಮಗಳು ಅದನ್ನೇ ಒತ್ತಿ ಎದ್ದು ಹೋದಳು. ಆಮೇಲೆ ತೆಗೆದರಾಯಿತು ಅಂದುಕೊಂಡಳು. ಮೊಟ್ಟೆ ಸೀಯಲಿಲ್ಲ. ತೆಗೆಯುವುದು ಮರೆತುಹೋಯಿತು.

ಅದಾಗಿ ಒಂದು ಭಾನುವಾರ. ಮಗಳಿಗೆ ಆಸ್ಪತ್ರೆಯಲ್ಲಿ ಪಾಳಿ. ಮಧ್ಯಾಹ್ನದ ಊಟವಾದ ಮೇಲೆ ಯಜಮಾನ ಬೀಜದ ಕಂಪನಿಗೆ ಬರೆಯಲು ಕೂತ. ಎದುರಿಗೆ ಹೆಂಡತಿ ಹುರುಳಿಕಾಯಿ ಸೋಸುತ್ತಿದ್ದಳು. ಅವನು ಒಂದು ಅಕ್ಷರ ಒತ್ತುವುದರಲ್ಲೇ ಬ್ರೌಸರು ಹಿಂದೆ ತೆರೆದಿದ್ದ ಪುಟಗಳ ಪಟ್ಟಿ ತೋರಿಸಿತು. ಬೆರಳು ತಪ್ಪಿ ಅದರಲ್ಲೊಂದನ್ನು ಒತ್ತಿದ, ಆಸ್ಪತ್ರೆಯ ಪುಟ ಬಂದು ನಿಂತಿತು. ಹೆಸರಿನ ಜಾಗದಲ್ಲಿ ಮಗಳ ಹೆಸರು. ಅದರ ಕೆಳಗೆ ಕಪ್ಪು ಚುಕ್ಕೆಗಳ ಸಾಲೊಂದು ಯಾರೂ ಮುಟ್ಟದೆ ತಾನೇ ತುಂಬಿಕೊಂಡು ಕೂತಿತ್ತು.

ಅವನು ಮುಚ್ಚಬಹುದಿತ್ತು. ಆದರೆ ತಮ್ಮನ ಕೈ ನಡುಗುವುದನ್ನು ಅವನು ನೋಡಿದ್ದ. ಕೇಳಿದ್ದಕ್ಕೆ ‘ನಿದ್ದೆ ಕಮ್ಮಿ’ ಎಂಬ ಉತ್ತರ ಸಿಕ್ಕಿತ್ತು. ತಮ್ಮ ಗೊಬ್ಬರ ತರುತ್ತೇನೆಂದು ಪೇಟೆಗೆ ಹೋಗುವಾಗ ಒಗೆದ ಅಂಗಿ ಹಾಕಿದ್ದನ್ನೂ ನೋಡಿದ್ದ. ಗೊಬ್ಬರ ತರಲು ಯಾರು ಒಗೆದ ಅಂಗಿ ಹಾಕುತ್ತಾರೆ? ಯಜಮಾನ ಚುಕ್ಕೆಗಳ ಕೆಳಗಿನ ಗುಂಡಿ ಒತ್ತಿ ಒಳಗೆ ಹೋದ. ಹುಡುಕುವ ಜಾಗದಲ್ಲಿ ಒಂದೇ ಬೆರಳಲ್ಲಿ ತಮ್ಮನ ಹೆಸರು ಕುಟ್ಟಿದ.

“ಏನು ಅಷ್ಟು ಹೊತ್ತಿಂದ ನೋಡ್ತಿದೀರಿ?” ಎಂದಳು ಹೆಂಡತಿ.

“ಬೀಜದ ರೇಟು.”

“ಏರಿದ್ಯಾ?”

“ಹೂಂ” ಎಂದವನ ಮುಖ ಕಪ್ಪಾಗಿತ್ತು. ಅರ್ಧಕ್ಕರ್ಧ ಅವನಿಗೆ ಅರ್ಥವಾಗದ ವೈದ್ಯರ ಭಾಷೆ. ಅರ್ಥವಾದದ್ದು ಮೂರು ಮಾತು: ನಡುಕ, ನರ, ಗುಣವಾಗುವುದಿಲ್ಲ.

ಮಾರನೆಯ ದಿನ ಕಸಿ ಮಾಡುವ ಕೊಟ್ಟಿಗೆಯಲ್ಲಿ ನಾಲ್ಕೈದು ಹೆಂಗಸರೊಡನೆ ತಮ್ಮ ಕೆಲಸಕ್ಕೆ ಕೂತಿದ್ದ. ಬದನೆಯ ಬುಡದ ಸಸಿಯನ್ನು ಓರೆಯಾಗಿ ಕೊಯ್ಯಬೇಕು, ಟೊಮೇಟೊ ತುದಿಯನ್ನೂ ಅದೇ ಓರೆಗೆ ಕೊಯ್ದು ಕೂರಿಸಬೇಕು, ಕಡ್ಡಿಯಷ್ಟು ಸಣ್ಣ ಕ್ಲಿಪ್ಪು ಹಾಕಬೇಕು. ಎರಡೂ ಗಾಯ ಸರಿಯಾಗಿ ಕೂಡಿದರೆ ಗಿಡ, ಕೂಡದಿದ್ದರೆ ಕಸ. ಆ ಕೊಟ್ಟಿಗೆಯಲ್ಲಿ ತಮ್ಮನಷ್ಟು ಚೊಕ್ಕವಾಗಿ ಕೂಡಿಸುವವರು ಬೇರೆ ಇರಲಿಲ್ಲ.

ಯಜಮಾನ ಬಂದು ಬಾಗಿಲಲ್ಲಿ ನಿಂತ. “ನೀನು ಏಳು. ಇವತ್ತಿಂದ ನೀರಿನ ಕಡೆ ನೋಡ್ಕೋ. ಇಲ್ಲಿ ಇವರು ಮಾಡ್ತಾರೆ.”

“ಯಾಕಣ್ಣ?”

“ಯಾಕೆ ಅಂದ್ರೆ ಯಾಕೆ? ಆರ್ಡರು ದೊಡ್ಡದು.”

“ದೊಡ್ಡದು ಅಂತ್ಲೇ ಕೂತಿದೀನಿ. ನಾನು ಮಾಡಿದ ಕಸಿ ಯಾವುದು ಸತ್ತಿದೆ, ತೋರಿಸು.”

“ಸತ್ತ ಮೇಲೆ ತೋರಿಸ್ಲಾ? ಬ್ಲೇಡು ಜಾರಿ ಬೆರಳು ಹೋದ ಮೇಲೆ ಹೇಳ್ಲಾ? ಹಟ ಮಾಡ್ಬೇಡ, ಏಳು ಅಂದ್ರೆ ಏಳು!”

“ಏಳಲ್ಲ. ಕಾರಣ ಹೇಳು.”

“ಕಾರಣ ಆಸ್ಪತ್ರೆಯಲ್ಲೇ ಬರೆದಿದೆಯಲ್ಲೋ! ನರದ ಕಾಯಿಲೆ, ಗುಣ ಆಗೋದಲ್ಲ ಅಂತ! ನನ್ನ ಹತ್ರ ಮುಚ್ಚಿಟ್ರೆ ಮುಚ್ಚಿರುತ್ತಾ?”

ಬ್ಲೇಡುಗಳು ನಿಂತವು. ಯಜಮಾನನ ಬೆನ್ನ ಹಿಂದೆ, ಕೆಲಸದವರಿಗೆ ತಂದ ಚಹಾದ ಕೇಟ್ಲಿ ಹಿಡಿದುಕೊಂಡು ತಮ್ಮನ ಹೆಂಡತಿ ನಿಂತಿದ್ದಳು.

“ಯಾರಿಗೆ?” ಎಂದಳು ಅವಳು.

ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಕೇಟ್ಲಿಯನ್ನು ನೆಲದ ಮೇಲಿಟ್ಟು ಹಿಂತಿರುಗಿ ನಡೆದಳು. ತಮ್ಮ ಬ್ಲೇಡು ಕೆಳಗಿಟ್ಟು ಅವಳ ಹಿಂದೆ ಓಡಿದ.

ಸಂಜೆ ಮಗಳು ಬಸ್ಸಿಳಿದು ಬರುವಷ್ಟರಲ್ಲಿ ಮನೆ ಕಾದು ಕೂತಿತ್ತು. ಅವಳ ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

“ಬಾ ತಾಯಿ” ಎಂದಳು ಚಿಕ್ಕಮ್ಮ. “ಆಸ್ಪತ್ರೆಯಲ್ಲಿ ಸಂಬಳ ಸಾಲಲ್ಲ ಅಂತ ಊರಿಗೆ ಸುದ್ದಿ ಹಂಚೋ ಕೆಲಸಾನೂ ಹಿಡಿದ್ಯಾ? ನಿನಗೆ ತುತ್ತು ತಿನ್ನಿಸಿ ಬೆಳೆಸಿದ ಕೈ ಇದು. ನನಗೆ ಒಂದು ಮಾತು ಹೇಳೋಕಾಗ್ಲಿಲ್ಲ, ನಿಮ್ಮಪ್ಪನಿಗೆ ಹೇಳೋಕಾಯ್ತು!”

“ನಾನು ಯಾರಿಗೂ ಹೇಳಿಲ್ಲ ಚಿಕ್ಕಮ್ಮ!”

“ಹಾಗಾದ್ರೆ ನಿಮ್ಮಪ್ಪನಿಗೆ ಕನಸು ಬಿತ್ತಾ?”

ಮಗಳು ಅಪ್ಪನ ಕಡೆ ತಿರುಗಿದಳು. “ಅಪ್ಪ, ಚಿಕ್ಕಪ್ಪನ ಚೀಟಿ ಎಲ್ಲಾದ್ರೂ ಕಣ್ಣಿಗೆ ಬಿತ್ತಾ?”

“ಚೀಟಿ ಮನೆಗೇ ತಂದಿಲ್ಲ ನಾನು” ಎಂದ ಚಿಕ್ಕಪ್ಪ. ಅವನು ಬೈಯಲಿಲ್ಲ. “ನಿನಗೊಬ್ಬಳಿಗೇ ಹೇಳಿದ್ದೆ ಪುಟ್ಟಿ” ಎಂದಷ್ಟೇ ಹೇಳಿ ನಡುಬಾಗಿಲು ದಾಟಿ ತನ್ನ ಮನೆಗೆ ಹೋದ.

ಯಜಮಾನ ತಟ್ಟೆಯ ಅನ್ನವನ್ನು ಕಲಸುತ್ತಲೇ ಇದ್ದ. “ಯಾರು ಹೇಳಿದ್ರು ಅನ್ನೋದು ಈಗ ದೊಡ್ಡದಲ್ಲ. ಔಷಧಿ ದೊಡ್ಡದು” ಎಂದ.

ಅವತ್ತು ನಡುಬಾಗಿಲಿಗೆ ಆ ಕಡೆಯಿಂದ ಚಿಲಕ ಬಿತ್ತು. ಒಂದು ವಾರ ಕಳೆಯುವುದರಲ್ಲಿ ಚಿಕ್ಕಮ್ಮ ಪೇಟೆಯಿಂದ ಬೀಗ ತಂದು ಹಾಕಿದಳು. ಒಂದೇ ಒಲೆಯಲ್ಲಿ ಬೇಯುತ್ತಿದ್ದ ಅಡುಗೆ ಎರಡಾಯಿತು. ಈ ಕಡೆ ಪಾತ್ರೆಗಳು ದೊಡ್ಡವಾದವು. ಅಮ್ಮ ಅಳತೆ ತಪ್ಪಿ ಬೇಯಿಸಿದ ಅನ್ನ ದಿನವೂ ಮಿಕ್ಕಿ ಕೋಳಿಗಳ ಪಾಲಾಗುತ್ತಿತ್ತು. ಅಜ್ಜಿ ಮಾತ್ರ ಬೀದಿಯ ಸುತ್ತು ಹಾಕಿ ಬೆಳಿಗ್ಗೆ ಒಬ್ಬ ಮಗನ ಮನೆ, ಸಂಜೆ ಇನ್ನೊಬ್ಬ ಮಗನ ಮನೆ ಎಂದು ತಿರುಗುತ್ತಿದ್ದಳು.

“ನನಗೇನು ಕಮ್ಮಿ? ಎರಡು ಮನೆ ಊಟ. ಹೊರೋರಿಗೆ ಕಷ್ಟ ಆಗೋ ಹಾಗೆ ದಪ್ಪ ಆಗ್ತಿದೀನಿ” ಎನ್ನುವಳು. ಯಾರೂ ನಗದಿದ್ದರೆ ತಾನೂ ಸುಮ್ಮನಾಗುವಳು.

ತಮ್ಮ ಕೆಲವು ದಿನ ನೀರು ಬಿಟ್ಟ. ಪೈಪು ಹಿಡಿದು ಸುಮ್ಮನೆ ನಿಲ್ಲುವ ಕೆಲಸ ಅದು. ನಿಂತಷ್ಟು ಹೊತ್ತೂ ಕೈ ನಡುಗುತ್ತಿತ್ತು. ಕೆಲಸದವರು ನೋಡುತ್ತಾರೆಂದು ಆಮೇಲೆ ಅದಕ್ಕೂ ಬರುವುದು ಬಿಟ್ಟ. ಮಗಳು ಬೀದಿಯಲ್ಲಿ ಎದುರಾದರೆ ಚಿಕ್ಕಮ್ಮ ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿ ಮುಖ ಮರೆಮಾಡುವಳು.

ಅಷ್ಟಕ್ಕೇ ಚಿಕ್ಕಮ್ಮನ ಸಂಕಟ ತಣಿಯಲಿಲ್ಲ. ಒಂದು ದಿನ ಆಸ್ಪತ್ರೆಗೆ ಹೋಗಿ ದೂರು ಕೊಟ್ಟು ಬಂದಳು. ಮೇಲ್ವಿಚಾರಕಿ ಮಗಳನ್ನು ಒಳಗೆ ಕರೆದು ಬಾಗಿಲು ಹಾಕಿದಳು.

“ನಿಮ್ಮ ಚಿಕ್ಕಪ್ಪನ ದಾಖಲೆ ಯಾರು ಯಾರು ತೆರೆದಿದ್ದಾರೆ ಅಂತ ನೋಡ್ದೆ. ನಿನ್ನ ಹೆಸರಲ್ಲಿ ಭಾನುವಾರ ಮಧ್ಯಾಹ್ನ ತೆರೆದಿದೆ, ಹೊರಗಿಂದ. ಆ ಹೊತ್ತಲ್ಲಿ ನೀನು ಇಲ್ಲೇ ನನ್ನ ಪಕ್ಕದ ಕಂಪ್ಯೂಟರಿನ ಮುಂದೆ ಕೂತಿದ್ದೆ. ಒಬ್ಬಳೇ ಎರಡು ಕಡೆ ಕೂರ್ತೀಯಾ?”

ಮಗಳಿಗೆ ಮೊದಲು ಸಮಾಧಾನವಾಯಿತು. ಮರುಕ್ಷಣ ನೀಲಿ ಬಣ್ಣದ ಆ ಹೌದು ಕಣ್ಣಿಗೆ ಕಟ್ಟಿತು. ಅವಳು ತಲೆ ತಗ್ಗಿಸಿದಳು.

“ಮನೆಯ ಲ್ಯಾಪ್‌ಟಾಪಿನಲ್ಲಿ ಉಳಿಸಿಬಿಟ್ಟಿದ್ದೆ ಮೇಡಂ.”

“ಉಳಿಸ್ಬೇಡಿ ಅಂತ ಬಾಯಿ ಬಿಟ್ಟು ಹೇಳಿ ಸಹಿ ಹಾಕಿಸಿಕೊಂಡಿದ್ದೆ.” ಮೇಲ್ವಿಚಾರಕಿಯ ದನಿ ಏರಲಿಲ್ಲ. “ನಿನ್ನ ಹೆಸರಲ್ಲಿ ಯಾರು ತೆರೆದ್ರೂ ನೀನೇ ತೆರೆದ ಹಾಗೆ. ಏನಾಯ್ತು, ಯಾರು ನೋಡಿದ್ರು, ಬರೆದು ಕೊಡು. ಸುಳ್ಳು ಬರೆದ್ರೆ ಕೆಲಸ ಉಳಿಸೋಕೆ ನನ್ನ ಕೈಲಾಗಲ್ಲ.”

ಆ ಸಂಜೆ ಮಗಳು ಕೈಕಾಲು ತೊಳೆಯದೆ ಮೇಜಿಗೆ ಬಂದಳು. ಅಪ್ಪ, ಅಮ್ಮ, ಅಜ್ಜಿ ಊಟಕ್ಕೆ ಕೂತಿದ್ದರು. ಕಿಟಕಿಯ ಕಟ್ಟೆಯಿಂದ ಲ್ಯಾಪ್‌ಟಾಪ್ ತಂದು ತಟ್ಟೆಗಳ ನಡುವೆ ಇಟ್ಟು ಬ್ರೌಸರಿನ ಒಂದು ಪಟ್ಟಿ ತೆರೆದಳು.

“ನೋಡು ಅಪ್ಪ. ನರ್ಸರಿ ಇ-ಮೇಲು, ಬ್ಯಾಂಕು, ಅಮ್ಮನದು, ಚಿಕ್ಕಪ್ಪನದು, ನಂದು. ಪಕ್ಕದಲ್ಲಿ ಕಣ್ಣಿನ ಗುರುತು ಇದೆ ನೋಡು, ಒತ್ತಿದ್ರೆ ಚುಕ್ಕೆ ಹೋಗಿ ಅಕ್ಷರ ಬರುತ್ತೆ. ಮಧ್ಯದಲ್ಲಿ ಒಂದು ಸಲ ಈ ಲ್ಯಾಪ್‌ಟಾಪ್ ತೆರೆಯೋ ನಂಬರು ಕೇಳುತ್ತೆ. ಅದು ಈ ಮನೇಲಿ ಕೋಳಿಗೂ ಗೊತ್ತು.”

“ಈಗ ಯಾಕಿದು, ಊಟದ ಹೊತ್ತಲ್ಲಿ?” ಎಂದಳು ಅಮ್ಮ.

“ಆ ಭಾನುವಾರ ಮಧ್ಯಾಹ್ನ ಇದರ ಮುಂದೆ ಯಾರು ಕೂತಿದ್ರು?”

ಅಮ್ಮ ಗಂಡನ ಮುಖ ನೋಡಿದಳು. ನಿಧಾನವಾಗಿ ಅವಳಿಗೂ ಹೊಳೆಯಿತು. “ಬೀಜದ ರೇಟು ಅಂದ್ರಲ್ಲ…”

“ಹೌದು, ನೋಡ್ದೆ” ಎಂದ ಯಜಮಾನ. “ಏನೀಗ? ತಮ್ಮನ ಕಾಯಿಲೆ ತಿಳ್ಕೊಳ್ಳೋಕೆ ಅಣ್ಣನಿಗೆ ಅಪ್ಪಣೆ ಬೇಕಾ? ನಾನೇನು ಗೋಡೆ ಒಡೆದ್ನಾ? ತೆರೆದಿತ್ತು, ನೋಡ್ದೆ.”

“ತೆರೆದಿಟ್ಟವಳು ನಾನು. ಅದನ್ನ ಬರೆದು ಕೊಡ್ತೀನಿ. ಒಳಗೆ ಹೋದವನು ನೀನು. ಹೋಗ್ಲಿ, ನೋಡಿದ್ದಾಯ್ತು. ಇಷ್ಟು ದಿನ ಚಿಕ್ಕಮ್ಮ ನನ್ನ ಮುಖಕ್ಕೆ ಉಗಿಯೋದೊಂದು ಬಾಕಿ ಇತ್ತು, ನೀನು ಅನ್ನ ಕಲಸ್ತಾ ಕೂತಿದ್ಯಲ್ಲ ಅಪ್ಪ!”

“ಒಂದೆರಡು ದಿನದಲ್ಲಿ ತಣ್ಣಗಾಗುತ್ತೆ ಅನ್ಕೊಂಡೆ.” ಅವನ ದನಿ ಇಳಿಯಿತು. “ಮೆಶೀನು ಕೆಟ್ಟಿತ್ತು ಅಂತ ಬರಿ. ನಿನ್ನ ಕೆಲಸಾನೂ ಉಳಿಯುತ್ತೆ.”

“ಮೆಶೀನು ಕೆಟ್ಟಿರ್ಲಿಲ್ಲ ಅಪ್ಪ. ನಾವು ಹೂಂ ಅಂದಿದ್ದನ್ನೇ ಅದು ಮಾಡಿದೆ.”

ಯಜಮಾನ ಬಾಯಿಗಿಟ್ಟ ತುತ್ತನ್ನು ಅಗಿಯುತ್ತಲೇ ಇದ್ದ. ಅಜ್ಜಿ ಅವನ ಮುಂದಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಎದ್ದು ಹೋಗೋ. ಆರಿದ್ರೆ ಬಿಸಿ ಮಾಡಿ ಕೊಡ್ತಾಳೆ.”

“ಎಲ್ಲಿಗೆ?”

“ಎಲ್ಲಿಗೆ ಅಂತ ನಾನು ಹೇಳ್ಬೇಕಾ?”

ನಡುಬಾಗಿಲಿಗೆ ಬೀಗ ಇದ್ದುದರಿಂದ ಯಜಮಾನ ಬೀದಿಗಿಳಿದು ಸುತ್ತಿ ಹೋಗಬೇಕಾಯಿತು. ತಮ್ಮನ ಮನೆಯ ಬಾಗಿಲನ್ನು ಅವನು ಹುಟ್ಟಿದಾಗಿನಿಂದ ತಟ್ಟಿದವನಲ್ಲ. ಹೇಗೆ ತಟ್ಟಬೇಕೆಂದು ತಿಳಿಯದೆ ಅಂಗೈಯಿಂದ ಎರಡು ಸಲ ಬಡಿದ. ತಮ್ಮ ಬಂದು ತೆರೆದ. ಒಳಗೆ ಬಾ ಎನ್ನಲಿಲ್ಲ.

“ಪುಟ್ಟಿ ಹೇಳಿದ್ದಲ್ಲ” ಎಂದ ಯಜಮಾನ ಹೊಸ್ತಿಲಾಚೆ ನಿಂತೇ. “ಅವಳ ಹೆಸರಲ್ಲಿ ನಾನೇ ತೆಗೆದು ನೋಡ್ದೆ. ಅವಳಿಗೆ ಗೊತ್ತಿರಲಿಲ್ಲ.”

ತಮ್ಮ ಬಾಗಿಲ ಚೌಕಟ್ಟನ್ನು ಹಿಡಿದ. “ನನ್ನನ್ನೇ ಕೇಳಬಹುದಿತ್ತು.”

“ಕೇಳಿದ್ದೆ. ನಿದ್ದೆ ಕಮ್ಮಿ ಅಂದೆ.”

“ಹೂಂ, ಸುಳ್ಳು ಹೇಳಿದ್ದೆ. ಆ ಸುಳ್ಳಿಗೆ ನನ್ನದೇ ಕಾರಣ ಇತ್ತಣ್ಣ.” ಅವನು ಬಲಗೈ ಮುಂದೆ ಚಾಚಿದ. “ಸುಮ್ನಿದ್ರೆ ನಡುಗುತ್ತೆ. ಬ್ಲೇಡು ಹಿಡಿದ್ರೆ ನಿಲ್ಲುತ್ತೆ. ಇದು ಅಲ್ಲಿ ಬರೆದಿತ್ತಾ?”

“ನನಗೆ… ಅಷ್ಟೆಲ್ಲ ಓದೋಕೆ ತಿಳೀಲಿಲ್ಲ.”

“ಓದೋಕೆ ತಿಳೀದೆ ಇದ್ದದ್ದನ್ನ ಕೆಲಸದವರ ಮುಂದೆ ಓದಿ ಹೇಳಿದೆ.”

ಒಳಗಿನಿಂದ ತಮ್ಮನ ಹೆಂಡತಿ ಬಂದು ಗಂಡನ ಹಿಂದೆ ನಿಂತಳು. “ಭಾವ, ನೀವು ನೋಡಿದ್ದಕ್ಕಲ್ಲ. ಇವರ ಬಾಯಿಂದ ಕೇಳಬೇಕಾದ್ದನ್ನ ನಾನು ಕೇಟ್ಲಿ ಹಿಡ್ಕೊಂಡು ನಿಂತು ಕೇಳಿದೆ. ಅಷ್ಟು ಜನ ನನ್ನ ಮುಖ ನೋಡ್ತಿದ್ರು. ಅದನ್ನ ನೀವು ಹೇಗೆ ವಾಪಸ್ ಕೊಡ್ತೀರಿ?”

“ಕೊಡೋಕಾಗಲ್ಲಮ್ಮ” ಎಂದ ಯಜಮಾನ. ಅವಳು ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿದಳು.

ಮಗಳು ನಡೆದದ್ದನ್ನು ನಡೆದ ಹಾಗೇ ಬರೆದು ಕೊಟ್ಟಳು. ಕೆಲಸ ಉಳಿಯಿತು, ಆದರೆ ದಾಖಲೆ ವಿಭಾಗ ತಪ್ಪಿತು. ಆಸ್ಪತ್ರೆಯ ಮುಂಭಾಗದಲ್ಲಿ ಬಂದವರ ಹೆಸರು ಬರೆದುಕೊಂಡು ಹೊಸ ಚೀಟಿ ಮಾಡಿಕೊಡುವ ಕಿಟಕಿಗೆ ಅವಳನ್ನು ಹಾಕಿದರು. ಮನೆಯ ಲ್ಯಾಪ್‌ಟಾಪಿನಿಂದ ಆ ಪಟ್ಟಿಯನ್ನೆಲ್ಲ ಅಳಿಸಿದಳು. ಎಲ್ಲರ ಪಾಸ್‌ವರ್ಡೂ ಬದಲಾಯಿತು. ಯಜಮಾನ ಈಗ ಪ್ರತಿಸಲ ಕುಟ್ಟಿಯೇ ಒಳಹೋಗಬೇಕು. ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಸರಿಹೋಗುವುದು. ಅವನು ಗೊಣಗುವುದಿಲ್ಲ. ಕೊಟ್ಟಿಗೆಯಲ್ಲಿ ತಮ್ಮನ ಸ್ಟೂಲನ್ನು ಅದರ ಜಾಗದಲ್ಲೇ ಇಡಿಸಿ, ಕೂರಬೇಡಿ ಎಂದು ಹೆಂಗಸರಿಗೆ ಹೇಳಿದ್ದಾನೆ. ತಮ್ಮ ಇನ್ನೂ ಬಂದಿಲ್ಲ. ನಡುಬಾಗಿಲಿನ ಬೀಗವೂ ತೆಗೆದಿಲ್ಲ.

ಒಂದು ಬೆಳಿಗ್ಗೆ ಮಗಳ ಕಿಟಕಿಯ ಸಾಲಿನಲ್ಲಿ ಚಿಕ್ಕಪ್ಪ ಬಂದ. ಜೊತೆಯಲ್ಲಿ ಚಿಕ್ಕಮ್ಮ. ಅವಳು ಮಗಳ ತಲೆಯ ಮೇಲಿನ ಗೋಡೆಯನ್ನು ನೋಡುತ್ತಿದ್ದಳು.

“ಹೆಸರು?” ಎಂದಳು ಮಗಳು, ಎಲ್ಲರನ್ನೂ ಕೇಳುವ ಹಾಗೆ.

ಚಿಕ್ಕಪ್ಪ ಹೆಸರು ಹೇಳಿದ. ವಯಸ್ಸು ಹೇಳಿದ.

“ಏನು ತೊಂದರೆ?”

ಅವಳಿಗೆ ಗೊತ್ತಿತ್ತು. ಕೇಳದೆಯೇ ಬರೆದು ಚೀಟಿ ಕೊಟ್ಟು ಕಳಿಸಬಹುದಿತ್ತು. ಅವಳು ಬರೆಯಲಿಲ್ಲ, ಕಾದಳು. ಚಿಕ್ಕಪ್ಪನೂ ಅವಳ ಮುಖ ನೋಡಿ ಅರ್ಥ ಮಾಡಿಕೊಂಡವನಂತೆ, ಕಿಟಕಿಯ ಕಡೆಯಿಂದ ನಿಧಾನವಾಗಿ ಹೆಂಡತಿಯ ಕಡೆಗೆ ತಿರುಗಿದ.

“ಮೊದಲು ಶುರುವಾದದ್ದು ಬಸ್ಸಲ್ಲಿ” ಎಂದ. “ನಾವಿಬ್ರೂ ನಿನ್ನಕ್ಕನ ಮನೆಗೆ ಹೋಗ್ತಿದ್ವಲ್ಲ, ಅವತ್ತು. ನೀನು ಕಿಟಕಿ ಕಡೆ ನೋಡ್ತಿದ್ದೆ. ಹೆಬ್ಬೆರಳು ತಾನಾಗೇ ಅಲ್ಲಾಡ್ತಿತ್ತು. ನಿನಗೆ ಕಾಣಬಾರದು ಅಂತ ಕೈನ ಜೇಬಿಗೆ ಹಾಕ್ಕೊಂಡೆ. ಆಮೇಲೆ ದಿನಾ ಹಾಕ್ಕೊಳ್ಳೋದೇ ಆಯ್ತು.”

ಚಿಕ್ಕಮ್ಮ ಗೋಡೆಯಿಂದ ಕಣ್ಣು ಕಿತ್ತು ಅವನನ್ನು ನೋಡಿದಳು. “ಎಲ್ಲಾ ಪ್ಯಾಂಟಿಗೂ ಬಲಗಡೆ ಜೇಬೇ ಹರೀತಿತ್ತು. ಹೊಲಿದು ಹೊಲಿದು ನನಗೆ ಸಾಕಾಗಿತ್ತು” ಎಂದಳು.

ಸಾಲಿನಲ್ಲಿ ಹಿಂದೆ ನಿಂತವರೊಬ್ಬರು ಬೇಗ ಬೇಗ ಎಂದು ಗೊಣಗಿದರು. ಮಗಳು ಅವರಿಗೆ ಪಕ್ಕದ ಕಿಟಕಿ ತೋರಿಸಿ, ಕೀಲಿಮಣೆಯ ಮೇಲಿದ್ದ ಬೆರಳುಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಹೇಳಿ” ಎಂದಳು ಚಿಕ್ಕಮ್ಮ ಗಂಡನಿಗೆ. “ಆಮೇಲೆ?”